ಐದು ಕೊಪೆಕ್

ಕ್ಯಾಸ್ಮು ಊರಲ್ಲಿ, ಏಪ್ರಿಲ್ ನಡುವೆ,
ಸೂರ್ಯ ನೇರ ತೆಂಕಣಕ್ಕೆ ನಿಲ್ಲುವುದು
ಒಂದು ಗಂಟೆ ಹದಿನಾರು ನಿಮಿಷಕ್ಕೆ.
ನೆತ್ತಿಗಂತೂ ಎಂದೂ ಬಂದವನಲ್ಲ.
ಆ ಗಳಿಗೆಗೆ ಕಾದು ನನ್ನ ತಮ್ಮ ಹೆಲ್ದುರ್
ಕಂಬದ ನೆರಳಿನುದ್ದಕ್ಕೂ ಸೀಮೆಸುಣ್ಣದ ಗೆರೆ ಎಳೆದ.
ದಿಕ್ಸೂಚಿಯನ್ನು ಅವನು ನಂಬುವುದಿಲ್ಲ.
ಬಂದರಿನ ಕ್ರೇನುಗಳ ನಡುವೆ ಬಾಳಿದವನು,
ಕಬ್ಬಿಣ ಕಂಡರೆ ಆ ಮುಳ್ಳು
ಹೇಗೆ ಮನಸ್ಸು ಬದಲಿಸುತ್ತದೆಂದು ಬಲ್ಲ.

ನನ್ನ ಕೆಲಸ ಕಿಟಕಿಯದು.
ಒಳಗೆ ಟೀವಿ, ಹೊರಗೆ ಅವನು, ನಡುವೆ ನನ್ನ ಗಂಟಲು.
ಐವತ್ತೆಂಟು. ಅರವತ್ತೆರಡು. ನಿಲ್ಲಿಸು.
ಹೋಯಿತು. ಹಿಂದಕ್ಕೆ, ಒಂದು ಕೂದಲೆಳೆ.
ರಾಕ್ವೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತಾರು ವರ್ಷ
ಯಾರಿಗೋ ಯಾರನ್ನೋ ಜೋಡಿಸಿದ ಗಂಟಲು.
ಅವನ ಕಿವಿ ಮಂದ. ಕೊನೆಗೆ ಬೆರಳಲ್ಲೇ ತೋರಿಸುತ್ತೇನೆ.
ಬೇಲಿಯಾಚೆಯ ಹಿಲ್ಯಾ
ಅಕ್ಕ ತಮ್ಮ ಜಗಳಕ್ಕೆ ನಿಂತರು ಅಂದುಕೊಂಡಿರಬೇಕು.

ಉಪಗ್ರಹಗಳೆಲ್ಲ ಒಂದೇ ದಾರಕ್ಕೆ ಪೋಣಿಸಿದವು, ಅನ್ನುತ್ತಾನೆ.
ಬಟ್ಟೆ ಒಣಹಾಕುವ ಹಗ್ಗ ತಲೆಕೆಳಗಾದ ಹಾಗೆ
ನಡುವೆ ಎತ್ತರ, ತುದಿಗಳಲ್ಲಿ ಇಳಿಜಾರು.
ನಮ್ಮ ಬಡಗಣ ಸೀಮೆಯಲ್ಲಿ ಆ ಎತ್ತರವೂ
ಬರೀ ಇಪ್ಪತ್ತೆರಡು ಡಿಗ್ರಿ;
ಪಡುವಣ ಕೊನೆಯದು ಹಿಲ್ಯಾಳ ಸ್ಪ್ರೂಸ್ ಮರದ ಹಿಂದೆ
ಅಡಗಿ ಕೂತ ಹುಡುಗ.
ಮೋಟಾರಿನ ಅಕ್ಷ ಭೂಮಿಯ ಅಕ್ಷಕ್ಕೆ ಜೊತೆಯಾದರೆ
ಗುಂಡಿ ಒತ್ತಿದರೆ ಸಾಕು,
ಡಿಶ್ಶು ತಾನೇ ಮಣಿ ಎಣಿಸುತ್ತ ಹೋಗುತ್ತದೆ.

ಹೋಗಲಿಲ್ಲ.
ತೆಂಕಣದ್ದು ಎಂಬತ್ತು ಕೊಟ್ಟಿತು, ಧಾರಾಳ.
ಮೂಡಣಕ್ಕೆ ತಿರುಗಿದಂತೆ ಎಪ್ಪತ್ತು, ಐವತ್ತು,
ಆಮೇಲೆ ನೀಲಿ ಪರದೆ.
ಅವನು ಡಿಶ್ಶಿನ ಕೆಳ ಅಂಚಿಗೆ ಅಂಗೈ ಕೊಟ್ಟು
ಜ್ವರದ ಮಗುವಿನ ಗಲ್ಲದ ಹಾಗೆ ಮೆಲ್ಲಗೆ ಎತ್ತಿದ.
ಅರವತ್ತು!
ಬಿಟ್ಟ. ಸೊನ್ನೆ.
ಪಡುವಣದಲ್ಲಿ ತದ್ವಿರುದ್ಧ: ತಗ್ಗಿಸಿದರೆ ಮಾತ್ರ ಬರುವುದು.

ಮೂರು ದಿನ ಇದೇ ಆಟ.
ಮೋಟಾರನ್ನು ಬೈದ. ನಟ್ಟು ಸಡಿಲಿಸಿ ಬಿಗಿದ, ಬಿಗಿದು ಸಡಿಲಿಸಿದ.
ಡಿಶ್ಶು ಮಾಡಿದವನ ಅಜ್ಜಿಯನ್ನು ಬೈದ.
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,
ಎಂದು ನಾನು ಕಿಟಕಿಯಿಂದ ಚುಚ್ಚಿದೆ.
ಅಪರೂಪಕ್ಕೆ ಅದೊಂದು ಅವನ ಕಿವಿಗೆ ಬಿತ್ತು.
ಕೆಳಗೆ ನೋಡಿದ.

ನೆಲ ಡೊಂಕಾಗಿತ್ತು.

ಚಳಿಗಾಲವಿಡೀ ಮಣ್ಣೊಳಗೆ ಹೆಪ್ಪುಗಟ್ಟಿದ ನೀರು
ಸಿಮೆಂಟಿನ ಬುಡವನ್ನು ಒಂದು ಮಗ್ಗುಲಿಗೆ ಎತ್ತಿಟ್ಟು
ಕರಗಿ, ಏನೂ ಅರಿಯದ ಹಾಗೆ ಹೊರಟುಹೋಗಿತ್ತು.
ರಸಮಟ್ಟದ ಗುಳ್ಳೆ ಗೆರೆ ದಾಟಿತ್ತು, ಒಂದಿಷ್ಟೇ.
ಅರ್ಧ ಡಿಗ್ರಿ.
ಇಲ್ಲಿ ಉಗುರಿನ ದಪ್ಪ;
ಮೂವತ್ತಾರು ಸಾವಿರ ಕಿಲೋಮೀಟರ್ ಹೋಗುವಷ್ಟರಲ್ಲಿ
ನಮ್ಮ ದೇಶದಷ್ಟು ಅಗಲ.

ಸಂದಿಗೆ ತಗಡು ಕೊಟ್ಟ, ತೆಳುವಾಯಿತು.
ಬಾಗಿಲ ಕೀಲಿನ ತುಂಡು, ದಪ್ಪವಾಯಿತು.
ನಾನು ಹೊಲಿಗೆಯ ಡಬ್ಬಿ ಸುರುವಿದೆ.
ಗುಂಡಿಗಳ ನಡುವೆ ಐದು ಕೊಪೆಕ್ಕಿನ ನಾಣ್ಯ,
ಅಚ್ಚು ಹಾಕಿದ ರಾಜ್ಯವೇ ಈಗಿಲ್ಲ.
ಅದು ನಡೆಯುತ್ತಿದ್ದ ಕಾಲದಲ್ಲಿ ಈ ದಂಡೆಗೆ ಕಾವಲಿತ್ತು;
ಸಂಜೆ ಮರಳಿಗೆ ಕುಂಟೆ ಹೊಡೆದು
ಬೆಳಗ್ಗೆ ಹೆಜ್ಜೆ ಹುಡುಕುತ್ತಿದ್ದರು,
ಯಾರಾದರೂ ಕಡಲಿಗಿಳಿದರೇ ಎಂದು.
ಹೆಲ್ದುರ್ ಅದನ್ನು ಮೂಡಣದ ಅಂಚಿನಡಿ ತೂರಿಸಿ
ಬೋಲ್ಟು ಬಿಗಿದ.
ಗುಳ್ಳೆ ನಡುವೆ ಬಂದು ಕೂತಿತು.

ಆ ಸಂಜೆ ದಾರವಿಡೀ ಸಿಕ್ಕಿತು.
ಯಾವುದೋ ಊರಿನ ಹವಾಮಾನ, ಯಾರದೋ ಅಡುಗೆ,
ಬಿಳಿ ಕುದುರೆಗಳ ಹರಾಜು.
ಕಡೆಗೆ ಸ್ಪ್ರೂಸ್ ಹಿಂದಿನ ಹುಡುಗ:
ಗಾಳಿ ಬೀಸಿದರೆ ಚೂರುಚೂರು, ನಿಂತರೆ ಇಡೀ ಚಿತ್ರ.
ಒಂದು ಖಾಲಿ ಕುರ್ಚಿ. ಮೇಜಿನ ಮೇಲೆ ನೀರಿನ ಲೋಟ.
ಕಾರ್ಯಕ್ರಮ ಇನ್ನೂ ಶುರುವಾಗಿಲ್ಲ.
ಇರು, ಯಾರು ಬರುತ್ತಾರೋ ನೋಡೋಣ, ಅಂದೆ.
ಅವನು ಪುಸ್ತಕದಲ್ಲಿ ಅಂಕಿ ಬರೆದುಕೊಂಡ.
ಬರಲಿ ಬಿಡು, ಸಿಕ್ಕಿತಲ್ಲ, ಅಂದು
ಡಿಶ್ಶನ್ನು ತೆಂಕಣಕ್ಕೆ ವಾಪಸು ಕರೆದ.

ಅವನು ಮಲಗಿದ ಮೇಲೆ ನಾನು ಮತ್ತೆ ಒತ್ತಿದೆ.
ಕತ್ತಲಲ್ಲಿ ಮೋಟಾರು ಗೊರಗುಟ್ಟುತ್ತ ಪಡುವಣಕ್ಕೆ ಹೊರಟಿತು.
ಕುರ್ಚಿ ತುಂಬಿತ್ತು. ಹೆಂಗಸು, ನನ್ನದೇ ವಯಸ್ಸು,
ಎದೆಗೆ ಮೈಕು ಸಿಕ್ಕಿಸಿಕೊಂಡು
ಯಾರ ಅಪ್ಪಣೆಗೋ ಕಾಯುತ್ತಿದ್ದಳು.
ಮಾತಾಡಿ, ಲೈನು ಸಿಕ್ಕಿದೆ,
ಅಂದುಬಿಟ್ಟೆ, ಹಳೆಯ ರೂಢಿ.