ಕಾಲೂರಬಾರದು

ಸುಣ್ಣದಾಗ ಬರದಿದ್ದರು ಎಂಟು,
ಆರ್‌ಟಿಓ ಆಫೀಸಿನ ಹಿಂದಿನ ಬಯಲಾಗ.
ರಾತ್ರಿ ಮಳಿಗೆ ಅರ್ಧಾ ಅಳಿಸಿತ್ತು,
ಅಳಿಸಿದ್ದನ್ನ ಮನಸಿನ್ಯಾಗ ಬರಕೊಂಡು ಹೊಡೀಬೇಕು.
ಛತ್ರಿ ಕೆಳಗ ಇನ್‌ಸ್ಪೆಕ್ಟರು, ಚಾದಾಗ ಪಾವು ಅದ್ದಕೋತ
"ಪಾಂಯ್ ದವರೂಂ ನಾಕಾ" ಅಂದ.
ಕಾಲೂರಬಾರದು. ಊರಿದರ ಫೇಲು.

ನಗಿ ಬಂತು ನನಗ.
ಹತ್ತೊಂಬತ್ತು ವರ್ಷ ಆತು ಸಾಹೇಬ್ರ,
ಈ ವಾಸ್ಕೋದಾಗ ಕಾಲೂರಾಕ ಹೆಣಗಾಕತ್ತು.
ಗುಡ್ಡದ ಮ್ಯಾಲಿನ ತಗಡಿನ ಖೋಲಿ ಎರಡ ಸರ್ತಿ ಕಿತ್ತರು,
ಎರಡನೇ ಸರ್ತಿ ಒಲಿ ಮ್ಯಾಲ ಬ್ಯಾಳಿ ಕುದಿಯಾಕತ್ತಿತ್ತು.
ರೇಷನ್ ಕಾರ್ಡಿಗೆ ಹೋದರ ಖಿಡಕಿ ಒಳಗಿನಾಂವ
"ಖಂಯ್ಚಿ ಗೊ ತುಂ?"
ರೋಣದ ಕಡೇಕಿ ಅಂದೆ.
ಹಂಗಾರ ಅಲ್ಲೇ ಹೋಗಿ ತಗೋ ಅಂದ.
ಅಲ್ಲಿ ನನ್ನ ಹೆಸರ ಹೊಡದು ಹಾಕಿ ಒಂಬತ್ತು ವರ್ಷ ಆಗಿತ್ತು,
ಅಂವಗೇನ ಗೊತ್ತು.

ದಿನಾ ನೂರಾ ಇಪ್ಪತ್ತು ರೊಟ್ಟಿ ನಂದು,
ಶಿಪ್‌ಯಾರ್ಡಿನ ಹುಡುಗರ ಮೆಸ್ಸಿಗೆ.
ಬುಟ್ಟಿ ಹೊತ್ತು ಗುಡ್ಡ ಇಳಿಯೂದರಾಗ ಮೊಣಕಾಲು ಸವದು
ಎಸ್ಪೆರಾಂಸ್ ಬಾಯಿಯ ಹಳೇ ಸ್ಕೂಟರು ಕಂತಿನ ಮ್ಯಾಲ ತಗೊಂಡೆ.
ಕಂತು ಮುಗದೈತಿ. ಲೈಸನ್ಸಿಲ್ಲ.
ಪೊಲೀಸ ಕಂಡಲ್ಲೆ ಇಳದು ತಳ್ಳತಿದ್ದೆ,
ಪೆಟ್ರೋಲು ಖಾಲಿ ಆದವರಂಗ ಮುಖಾ ಮಾಡಿ.

ಮೊದಲನೇ ಸರ್ತಿ ಎಂಟರ ನಡುವಿಗೆ,
ಎರಡು ಹೊಟ್ಟಿ ಕೂಡೂ ಆ ಸಂದಿನ್ಯಾಗ
ಎಡಗಾಲು ತಾನ ಇಳೀತು.
ನನ್ನ ಕೇಳಲಿಲ್ಲ.
ನೆಲಾ ಕಂಡಲ್ಲೆಲ್ಲಾ ಇಳಿಯೂ ಚಟಾ ಅದಕ.
ಏಳು ದಿನಾ ಬಿಟ್ಟು ಬಾ ಅಂದರು.

ಏಳನೇ ದಿನಾ ಸಾಲಿನ್ಯಾಗ ನನ್ನ ಹಿಂದ ನೋಯ್,
ಥೈಲ್ಯಾಂಡಿನಾಕಿ,
ಬೊಗ್ಮಾಳೊದ ಹೋಟೆಲ್ಲಿನ್ಯಾಗ ಅಡಗಿ ಮಾಡತಾಳಂತ.
ಆಕಿ ಕಾಗದದ ಗಂಟು ನನ್ನದಕಿಂತ ಮೂರು ಬೆರಳು ದಪ್ಪ.
ಇಬ್ಬರ ಹಿಂದೀನೂ ಮುರುಕು, ಆದರ
ಮುರದ ಜಾಗಾ ಬ್ಯಾರೆ ಬ್ಯಾರೆ,
ಕೂಡಿಸಿದರ ಒಂದು ಮಾತು ಆಗತಿತ್ತು.
ತಮ್ಮಲ್ಲಿ ಹಲಗಿ ಇಡತಾರ ಅಂದಳು. ಗೇಣಗಲದ ಹಲಗಿ.
ಅದರ ಮ್ಯಾಲ ಬೀಳದಂಗ ಹಾಯಬೇಕು, ಸಾವಕಾಶ.
ಅಂಗೈ ಉದ್ದಕ ಬೆರಳು ನಡಿಸಿ ತೋರಿಸಿದಳು:
ಗಾಲಿ ನೋಡಬ್ಯಾಡ. ಹೋಗೂ ಕಡೆ ನೋಡು.
ಗಾಲಿ ತಾನ ಬರತೈತಿ.

ಗಾಲಿ ನೋಡಲಿಲ್ಲ ನಾ.
ಮೊದಲನೇ ಹೊಟ್ಟಿ ತಿರುಗೂವಾಗ
ಕಂಪೌಂಡಿನಾಚೆ ಒಣಹಾಕಿದ ಯಾರದೋ ಹಸರು ನೈಟಿ ನೋಡಿದೆ,
ಎರಡನೇದಕ ಸಾಹೇಬನ ಛತ್ರಿ.
ನಡುವಿನ್ಯಾಗ ಕಾಲು ಮತ್ತ ನಡುಗಿತು.
ತಡಿ ಅಂದೆ,
ಹೆಂಚಿನ ಮ್ಯಾಲಿನ ರೊಟ್ಟಿ ಅವಸರಾ ಮಾಡಿದರ ಅಂತೇನಲ್ಲ, ಹಂಗ.
ತಡೀತು.
ಅಂಚು ಒಡೀದಂಗ ರೊಟ್ಟಿ ತಿರುಗಿಸೂ ಕೈ ಇದು,
ಹ್ಯಾಂಡಲ್ಲು ಎಷ್ಟರದ.

ಪಾಸು ಅಂದ, ಮುಖಾ ಎತ್ತದ.
ನೋಯ್ ಎರಡು ಬೆರಳು ಬಾಯಾಗಿಟ್ಟು ಸಿಟಿ ಹೊಡದಳು.
ಆಮ್ಯಾಲ ಆಕಿ ಹೋದಳು,
ಹಲಗಿ ದಾಟಿದಾಕಿ,
ಅದೇ ಸಂದಿನ್ಯಾಗ ಕಾಲೂರಿದಳು.
ಹೆಲ್ಮೆಟ್ ತಗದು ನಕ್ಕು, ದೂರದಿಂದ
ಏಳು ಬೆರಳು ತೋರಿಸಿದಳು ನನಗ.

ಕಾಯಂ ವಿಳಾಸ ಅಂತ ಒಂದು ಗೆರಿ ಇತ್ತು ಫಾರ್ಮಿನ್ಯಾಗ.
ಬರಕೊಡೂ ಹುಡುಗ ಪೆನ್ನು ಎತ್ತಿಕೊಂಡು ಕುಂತ.
ಮೆಸ್ಸಿನ ನಂಬರು ಹೇಳೇನಿ.

ವಾಪಸ ಬರೂವಾಗ ರೇಲ್ವೆ ಗೇಟು ಬಿತ್ತು.
ಕಲ್ಲಿದ್ದಲಿನ ಗಾಡಿ,
ಬಂದರದಿಂದ ನಮ್ಮ ಕಡೆ ಹೊಂಟದ್ದು.
ಡಬ್ಬಿ ಎಣಿಸಿದೆ, ನಲವತ್ತೊಂದಕ ಲೆಕ್ಕಾ ತಪ್ಪಿತು.
ನಾಲಿಗಿ ಮ್ಯಾಲ ಮಸಿ.
ಎರಡೂ ಕಾಲು ಊರಿ ನಿಂತಿದ್ದೆ,
ಯಾರೂ ಏನೂ ಅನ್ನಲಿಲ್ಲ.