ಅಲುಗಾಡಿಸಬೇಡಿ

ಫ್ರಿಜ್ಜಿನ ಬಾಗಿಲ ಮೇಲೆ ಚೀಟಿ: ಎರಡರಿಂದ ಎಂಟು ಡಿಗ್ರಿ.
ಶೀಶೆಯ ಮೇಲೆ ಚೀಟಿ: ಅಲುಗಾಡಿಸಬೇಡಿ.
ನನ್ನ ಮೇಲೆ ಯಾರೂ ಏನೂ ಅಂಟಿಸಿಲ್ಲ.

ಬೆಳಗ್ಗೆ ಎಂಟೂವರೆ. ಹಾಸನ. ಡೇ ಕೇರ್ ವಾರ್ಡು.
ಹೊರಗೆ ಬಿ.ಎಂ. ರಸ್ತೆಯಲ್ಲಿ ಅರಕಲಗೂಡು ಬಸ್ಸಿನ ಹಾರ್ನು.
ಒಳಗೆ ನಾನು, ಹೆಬ್ಬೆರಳ ಗಾತ್ರದ ಶೀಶೆಯನ್ನು
ಹಸುಗೂಸಿನ ತಲೆ ಹಿಡಿದಂತೆ ಹಿಡಿದು
ನಿಧಾನ, ಅತಿ ನಿಧಾನ, ಓರೆ ಮಾಡುತ್ತೇನೆ.
ಕುಲುಕಿದರೆ ನೊರೆ.
ನೊರೆ ಎದ್ದರೆ ಮದ್ದು ಕೆಟ್ಟಿತು, ನಲವತ್ತು ಸಾವಿರ ಕೆಟ್ಟಿತು,
ಅರ್ಜಿ ಹಾಕಿ ಮೂರು ತಿಂಗಳು ಕಾದದ್ದು ಕೆಟ್ಟಿತು.

ಸೂಜಿ ಹೊರಗೆಳೆವಾಗ ರಬ್ಬರಿನ ಬಾಯಿಂದ
ಕಣ್ಣಿಗೂ ಸಾಲದಷ್ಟು ತುಂತುರು
ಬಂತೋ, ಬರಲಿಲ್ಲವೋ.
ತರಬೇತಿಗೆ ಬಂದ ಡಾಕ್ಟರು ಹೇಳಿದ್ದರು:
"ಇದು ಕೂದಲುದುರಿಸೋ ಜಾತಿಯದಲ್ಲ.
ದೊಡ್ಡ ಕಣ, ಚರ್ಮ ದಾಟೋದು ಕಷ್ಟ."
ಉಸಿರಲ್ಲಿ ಹೋದರೆ ಸರ್? ದಿನಾ? ಹನ್ನೊಂದು ವರ್ಷ?
ಅವರು ಕನ್ನಡಕ ಒರೆಸಿಕೊಂಡರು.
"ಗೊತ್ತಿಲ್ಲ ಸಿಸ್ಟರ್."
ಸುಳ್ಳು ಹೇಳದ ಆ ಮನುಷ್ಯನ ಮೇಲೆ
ನನಗೆ ಇಂದಿಗೂ ಗೌರವ, ಇಂದಿಗೂ ಸಿಟ್ಟು.

ಸ್ಟೋರಿನ ಚೆಲುವರಾಜುವಿಗೆ ಮಾತ್ರ ಎಲ್ಲ ಗೊತ್ತು.
ಕೂದಲುದುರಿಸುವುದಕ್ಕೆ ಎರಡು ಜೊತೆ ಗ್ಲೌಸು,
ಇದಕ್ಕೆ ಒಂದು.
ಇವತ್ತು ನನ್ನ ಅಳತೆಯದು ಮುಗಿದಿದೆ, ದೊಡ್ಡದೇ ಗತಿ.
ಬೆರಳ ತುದಿಯಲ್ಲಿ ಖಾಲಿ ರಬ್ಬರು
ಕೋಳಿಯ ಕೊಕ್ಕಿನಂತೆ ಬಾಗುತ್ತದೆ.

ಮೂರನೇ ಕುರ್ಚಿ, ದುದ್ದದ ಬೋರಕ್ಕ. ನರ ಸಿಗುತ್ತಿಲ್ಲ.
ಬೆರಳಿಗೆ ನರ ಗೊತ್ತು, ರಬ್ಬರಿಗೆ ಗೊತ್ತಿಲ್ಲ.
ಎಡಗೈಯದನ್ನು ಕಳಚಿದೆ.
ಕಳಚಬಾರದು. ಗೊತ್ತು.
ಟ್ರೇಯಲ್ಲಿ ಬಿದ್ದ ಗ್ಲೌಸನ್ನೇ ನೋಡಿ ಬೋರಕ್ಕ ನಕ್ಕಳು:
"ಇಷ್ಟು ಅಂಜ್ಕೊಂಡು ಮುಟ್ಟೋದ್ನ
ನನ್ನ ರಕ್ತಕ್ಕೆ ಬಿಡ್ತೀಯಲ್ಲವ್ವ."
ಆಮೇಲೆ, ಕಿಟಕಿಯ ಕಡೆ ತಿರುಗಿ:
"ಬಿತ್ನೆ ಆಲೂಗಡ್ಡೆ ಹೋಳು ಮಾಡಿ
ಔಷ್ದಿ ಡ್ರಮ್ಮಿಗೆ ಅದ್ದುತಿದ್ವಿ. ಬರಿಗೈ.
ಮೇ ತಿಂಗಳು ಬಂದ್ರೆ ಅದೇ ಕೆಲ್ಸ, ಇಪ್ಪತ್ತು ವರ್ಷ.
ಅದೇ ಕೈಲಿ ಎಲೆ ಅಡಿಕೆ.
ಗೆಡ್ಡೆ ಕೊಳೀಬಾರ್ದು ನೋಡು."

ಅದೂ ಔಷಧಿ. ಇದೂ ಔಷಧಿ.
ನಮ್ಮ ಭಾಷೆ ಒಂದೇ ಹೆಸರಿಟ್ಟು ಸುಮ್ಮನಾಗಿದೆ.

ಒಂದೂವರೆ ಗಂಟೆ, ಹನಿ ಹನಿ.
ಪೈಪಿನ ಕೀಲಲ್ಲಿ ಸೋರಿ
ನೆಲದ ಮೇಲೆ ಒಂದು ರೂಪಾಯಿ ಅಗಲ.
ಒರೆಸುವ ಕಿಟ್ಟು ಬೀರುವಿನಲ್ಲಿ, ಬೀಗದ ಕೈ ಇನ್‌ಚಾರ್ಜ್ ಹತ್ತಿರ,
ಇನ್‌ಚಾರ್ಜ್ ಮೀಟಿಂಗಿನಲ್ಲಿ.
ನಾನು ಓಡಿ ವಾಪಸು ಬರುವಷ್ಟರಲ್ಲಿ ಪುಟ್ಟತಾಯಿ
ಹಳೇ ಸೀರೆ ತುಂಡಲ್ಲಿ ಒರೆಸಿ, ಬಕೆಟ್ಟಿಗೆ ಹಿಂಡುತ್ತಿದ್ದಳು.
"ಯಾಕೆ ಸಿಸ್ಟರ್? ನೀರಲ್ವಾ?"

ಸಂಜೆ ರಿಜಿಸ್ಟರು.
ಸಿಬ್ಬಂದಿಗೆ ಮದ್ದು ತಾಗಿದೆಯೇ, ಎಂಬ ಕಾಲಂ.
ವರ್ಷದುದ್ದಕ್ಕೂ ನನ್ನದೇ ಅಕ್ಷರ:
ಇಲ್ಲ, ಇಲ್ಲ, ಇಲ್ಲ, ಅದರ ಕೆಳಗೆ ಮೇಲಿನಂತೆ.
ಬೋರಕ್ಕನ ಇಪ್ಪತ್ತು ಮೇ ತಿಂಗಳಿಗೆ
ಆ ಪುಸ್ತಕದಲ್ಲಿ ಜಾಗವೇ ಇಲ್ಲ.
ನನ್ನ ಹೆಸರು, ಎಡಗೈ, ಎಂದು ಬರೆದೆ.
ಪುಟ್ಟತಾಯಿ, ಎರಡೂ ಕೈ, ಎನ್ನುವಾಗ
ಪೆನ್ನು ನಿಂತಿತು.

ಜೋರಾಗಿ ಕುಲುಕಿದೆ.