ಮೂರನೇ ಗ್ಲಾಸು

ತಿಂಗಳ ಕೊನೆಯ ಶನಿವಾರ, ಪುಣೆಯ ರಾಸ್ತಾಪೇಟೆ.
ಕೇಳಕರರ ಊಟದ ಮೇಜಿಗೆ ಬಿಳಿ ಹಾಳೆ ಹಾಸುತ್ತೇವೆ,
ಬಣ್ಣ ಸುಳ್ಳು ಹೇಳಬಾರದು ಅಂತ.
ಐದು ಬಾಟಲಿಗೂ ಒಂದೊಂದು ಕಾಲುಚೀಲ,
ಅವರ ಮಗನ ಶಾಲೆಯ ಕಾಲದವು,
ಮೇಲೆ ಸೀಮೆಸುಣ್ಣದಲ್ಲಿ ನಂಬರು.

ನಿಯಮಗಳಿವೆ. ಅತ್ತರು ಹಚ್ಚಿ ಬರಬಾರದು.
ಚಕ್ಕುಲಿ ಕೊನೆಗೆ. ಐಸು ಇಲ್ಲವೇ ಇಲ್ಲ.
ನೀರು ಬೇಕಾದರೆ ಕಣ್ಣಿಗೆ ಔಷಧಿ ಬಿಡುವ ನಳಿಗೆಯಿಂದ, ಹನಿ ಎಣಿಸಿ.
ಕೇಳಕರರು ಮೂವತ್ತು ವರ್ಷ ಪಿಂಪ್ರಿಯ ಕಾರ್ಖಾನೆಯಲ್ಲಿ
ಮಾತ್ರೆ ಕರಗುವ ವೇಳೆ ಅಳೆದವರು;
ನಾಲಗೆಗೂ ಅವರ ಹತ್ತಿರ ಒಂದು ಫಾರಮ್ಮು ಉಂಟು.

ಪರ್ವೇಜ್ ಇರಾನಿಗೆ ಎಲ್ಲದರಲ್ಲೂ ಅವರಪ್ಪನ ಬೇಕರಿ:
ಸೀದ ಬನ್ನಿನ ತಳ, ಒದ್ದೆ ಗೋಣಿ.
ಲೂರ್ಡ್ಸ್ ಪಿಂಟೊ ಸಸೂನ್ ಆಸ್ಪತ್ರೆಯ ನರ್ಸು.
"ಡ್ರೆಸಿಂಗ್ ರೂಮು, ಬೆಳಿಗ್ಗೆ ಏಳು, ಮಳೆಗಾಲ"
ಎಂದು ಆಕೆ ಬರೆದರೆ ಅದು ದ್ವೀಪದ ಹೊಗೆವಿಸ್ಕಿಯೇ. ತಪ್ಪಿದ್ದಿಲ್ಲ.

ನಾನು ಗಡಿಯಾರ ರಿಪೇರಿಯವ, ಬೆಳಗಾವಿ ಕಡೆಯವ.
ನನ್ನ ಷರಾಗಳಿಗೆ ಇಲ್ಲಿ ಹೆಸರಿತ್ತು:
ಅಜ್ಜನ ಕೋಟಿನ ಒಳಜೇಬು.
ಗುಡಿ, ಪೂಜಾರಿ ಎದ್ದುಹೋದ ಮೇಲೆ.
ಪರ್ವೇಜ್ ತೊಡೆ ತಟ್ಟಿ ನಗುತ್ತಿದ್ದ.

ಹೇಳದೆ ಉಳಿದದ್ದು:
ಹೋದ ವರ್ಷದ ಜ್ವರ ಇಳಿಯುವಾಗ
ನನ್ನ ಮೂಗನ್ನೂ ಜೊತೆಗೆ ಇಳಿಸಿಕೊಂಡು ಹೋಯಿತು.
ಇಂಗಿನ ಒಗ್ಗರಣೆ ಈಗ ಬರೀ ಸದ್ದು.
ಗ್ಯಾಸು ಸೋರಿದ ದಿನ ಕೆಳಮನೆಯ ಹುಡುಗ ಬಂದು ಬಾಗಿಲು ಬಡಿದ.
ಆದರೂ ಇಸ್ತ್ರಿ ಅಂಗಿ ತೊಟ್ಟು ಬಂದೆ, ಹನ್ನೊಂದು ಶನಿವಾರ,
ಹಳೆಯ ವಾಸನೆಗಳನ್ನು ಹೊಸ ಗ್ಲಾಸಿಗೆ ಸುರಿದು ಬರೆದೆ.
ನಡೆಯಿತು.
ಮೂಗಿಗೂ ನೆನಪಿಗೂ ಹೊರಗಿನವರಿಗೆ ಏನು ವ್ಯತ್ಯಾಸ.

ಇವತ್ತು ಮೂರನೇ ಗ್ಲಾಸು.
ಬೂಚು ತೆಗೆದ ಕೂಡಲೇ ಪಕ್ಕದ ಮನೆಯಾಕೆ ಕಿಟಕಿ ಮುಚ್ಚಿದಳಂತೆ;
ಅದನ್ನು ಆಮೇಲೆ ಕೇಳಿದೆ.
ಬೆಕ್ಕು ಎದ್ದುಹೋದದ್ದು ಕಂಡಿತ್ತು. ಬೆಕ್ಕುಗಳು ಹೋಗುತ್ತವೆ.
ನನ್ನ ಸರದಿ. ಓದಿದೆ:
"ಮುತ್ತುಗದೆಲೆಯ ಮೇಲೆ ಜೇನು. ದೂರದಲ್ಲೆಲ್ಲೋ ಸೇವಂತಿಗೆ."

ಫ್ಯಾನಿನ ಸದ್ದು.
ಕೇಳಕರರು ಕನ್ನಡಕ ತೆಗೆದು ಒರೆಸಿದರು, ಒರೆಸುತ್ತಲೇ ಇದ್ದರು.
ಪರ್ವೇಜ್ ನಗಲು ತೆರೆದ ಬಾಯಿಗೆ ಚಕ್ಕುಲಿ ಹಾಕಿಕೊಂಡ, ನಿಯಮ ಮುರಿದು.
ಲೂರ್ಡ್ಸ್ ಎದ್ದು ಬಂದು ಚೀಲದಿಂದ ವಿಕ್ಸ್ ಡಬ್ಬಿ ತೆಗೆದು
ನನ್ನ ಮೂಗಿಗೆ ಹಿಡಿದಳು.
ತಂಪು ಬಂತು. ವಾಸನೆ ಬರಲಿಲ್ಲ.
"ಎಷ್ಟು ದಿನದಿಂದ?"
ವಾರ್ಡಿನ ಪ್ರಶ್ನೆ; ಗದರಿಕೆಯಲ್ಲ, ಕನಿಕರವೂ ಅಲ್ಲ.

"ಹಾಗಾದರೆ ಇದರಲ್ಲಿ ನಿಮಗೆ ಏನು ಸಿಗುತ್ತದೆ, ಅಷ್ಟನ್ನೇ ಹೇಳಿ."
ಗುಟುಕು ತೆಗೆದುಕೊಂಡೆ. ಗಂಟಲು ಕಾಯಿತು.
ಮೊದಲು ತುಸು ಸಿಹಿ. ಉಪ್ಪೋ ಏನೋ, ಸಂಶಯ.
ಆಮೇಲೆ ಒಸಡು ಹಿಂದೆ ಸರಿಯಿತು, ಕೆನ್ನೆಯ ಒಳಗೋಡೆ
ಹಸಿ ಬಾಳೆಕಾಯಿ ಕಚ್ಚಿದ ಹಾಗೆ ಒರಟು ಬಟ್ಟೆಯಾಯಿತು.
"ಒಗರು," ಅಂದೆ.
"ತುರಟ?" ಕೇಳಕರರು ಪೆನ್ಸಿಲು ಹುಡುಕುತ್ತಿದ್ದರು.
ಹೌದು. ಅಲ್ಲ. ತುರಟ ನಾಲಗೆಯ ಮೇಲೆ ಕೂರುತ್ತದೆ;
ಒಗರು ಹಲ್ಲಿನ ಸಂದಿಗೂ ಹೋಗಿ
ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತದೆ.
ಅರ್ಧ ಗಂಟೆ ಜಗಳ. ಎರಡು ಭಾಷೆ, ಒಂದು ಪೆಗ್ಗು.
ಲೂರ್ಡ್ಸ್ ಕೊಂಕಣಿಯಿಂದೊಂದು ಪದ ತಂದಳು, ಯಾರೂ ಒಪ್ಪಲಿಲ್ಲ.

ಕಾಲುಚೀಲ ಬಿಚ್ಚಿದರು. ಗೆದ್ದದ್ದು ನಾಲ್ಕನೆಯದು,
ಐದರಲ್ಲಿ ಎಲ್ಲಕ್ಕಿಂತ ಅಗ್ಗದ್ದು;
ಅದರ ಮಾತು ಮತ್ತೆ ಯಾರೂ ಎತ್ತಲಿಲ್ಲ.
ರಿಜಿಸ್ಟರಿನಲ್ಲಿ ನಂಬರ್ ಮೂರರ ಮುಂದೆ
ಜೇನನ್ನು ಹೊಡೆದುಹಾಕಿದೆ.
ಸೇವಂತಿಗೆಗೆ ಕೈ ಬರಲಿಲ್ಲ.

ರಾತ್ರಿ ರಿಕ್ಷಾ ಸೇತುವೆ ಹತ್ತಿತು. ಕೆಳಗೆ ಮುಳಾ-ಮುಠಾ, ಕಪ್ಪಗೆ.
ಡ್ರೈವರನ ಒಂದು ಕೈ ಹ್ಯಾಂಡಲ್ಲಿಗೆ, ಒಂದು ಕೈ ಮೂಗಿನ ಕರ್ಚೀಫಿಗೆ.
ಗಾಳಿ ನಾಲಗೆಗೆ ತಗಲುವಷ್ಟು
ನಾನು ಬಾಯಿ ತೆರೆದು ಕೂತೆ.
ಚಳಿ. ಸ್ವಲ್ಪ ಲೋಹ.
ಅವನು ಕನ್ನಡಿಯಲ್ಲಿ ನೋಡಿ,
"ವಾಂತಿ ಬಂದರೆ ಮೊದಲೇ ಹೇಳಿ, ಸಾಹೇಬ," ಎಂದ.